ಬಾ ಇಲ್ಲಿ

ಆ ನಾಯಿಗೆ ಯಾವ ಭಾಷೆ ಬರುತ್ತದೆ ಎಂಬ ಪ್ರಶ್ನೆ ಗುರುವಾರ ಬೆಳಗ್ಗೆ ಗಡ್ಡ ಕೆರೆದುಕೊಳ್ಳುತ್ತಿದ್ದ ತಿಮ್ಮರಾಯಪ್ಪನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಮತ್ತೆ ಹೊರಗೆ ಹೋಗಲಿಲ್ಲ. ಆಗಷ್ಟೇ ಹೊಸೂರಿನ ಆಲಸನತ್ತಂ ಬಡಾವಣೆಯ ಆ ಬೀದಿಯಲ್ಲಿ ತಮಟೆಯವನು ಸಾರಿಕೊಂಡು ಹೋಗಿದ್ದ: ಹಿಂದಿನ ಬೀದಿಯಲ್ಲಿ ಹುಚ್ಚುನಾಯಿ ಇಬ್ಬರನ್ನು ಕಚ್ಚಿದೆ, ಸೋಮವಾರ ಬೆಳಗ್ಗೆ ಗಾಡಿ ಬರುತ್ತದೆ, ಕೊರಳಲ್ಲಿ ಬೆಲ್ಟು ಇಲ್ಲದ ನಾಯಿಗಳನ್ನೆಲ್ಲ ಹಿಡಿದುಕೊಂಡು ಹೋಗಿ ಮುಗಿಸಿಬಿಡುತ್ತಾರೆ. ತಮಿಳಿನಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳಿದ. ಕನ್ನಡದಲ್ಲಿ ಹೇಳುವ ಗೋಜಿಗೆ ಹೋಗಲಿಲ್ಲ. ಕನ್ನಡದವರಿಗೆ ಎರಡೂ ಬರುತ್ತವೆ ಎಂಬುದು ಹೊಸೂರಿಗೆಲ್ಲ ಗೊತ್ತಿದ್ದ ವಿಷಯ. ತಿಮ್ಮರಾಯಪ್ಪ ಕೆನ್ನೆಯ ಮೇಲೆ ನೊರೆ ಇಟ್ಟುಕೊಂಡೇ ಕಿಟಕಿಯಿಂದ ನೋಡಿದ. ಬೀದಿಯಾಚೆಯ ಖಾಲಿ ಸೈಟಿನಲ್ಲಿ ಯಾರೋ ಮನೆ ಕಟ್ಟಲೆಂದು ಇಳಿಸಿ ಮರೆತುಬಿಟ್ಟಿದ್ದ ಕಲ್ಲಿನ ರಾಶಿ. ಅದರ ಬುಡದಲ್ಲಿ ಆ ಕಂದು ನಾಯಿ. ತಮಟೆಯ ಸದ್ದಿಗೆ ಎದ್ದು ನಿಂತದ್ದು ಇನ್ನೂ ಕೂತಿರಲಿಲ್ಲ. ಅದರ ಕೊರಳ ಸುತ್ತ ಕೂದಲಿಲ್ಲದ ಒಂದು ಗೆರೆ. ಯಾವಾಗಲೋ ಯಾರೋ ಹಗ್ಗ ಕಟ್ಟಿ, ನಾಯಿ ಬೆಳೆದರೂ ಹಗ್ಗ ಸಡಿಲಿಸುವುದನ್ನು ಮರೆತಿದ್ದರು.

ಆ ನಾಯಿಯ ಗೊಡವೆ ತನಗೇಕೆ ಎಂದು ಅವನು ತನ್ನನ್ನೇ ಕೇಳಿಕೊಳ್ಳದೆ ಇರಲಿಲ್ಲ. ಸೈಟು ಅವನದಲ್ಲ, ನಾಯಿ ಅವನದಲ್ಲ, ಈ ಮನೆಯೂ ಬಾಡಿಗೆಯದು. ತನ್ನೂರು ಬೇರಿಕೆಯಲ್ಲಿ ಅಣ್ಣನಿಗೆ ಹೊಲ ಬಿಟ್ಟು, ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೋಲ್ಟು ನಟ್ಟುಗಳ ಕಾವಲಿಗೆ ಕೂತು ಆರು ವರ್ಷವಾಗಿತ್ತು. ಮಗಳನ್ನು ಮಾಲೂರಿಗೆ ಕೊಟ್ಟ ಮೇಲೆ ಮನೆಯಲ್ಲಿ ಅವನು, ಹೆಂಡತಿ ಮುನಿರತ್ನಮ್ಮ, ಇಬ್ಬರೇ. ತಿಂಗಳ ಹಿಂದೆ ಈ ನಾಯಿ ಕುಂಟುತ್ತಾ ಬಂದು ಗೇಟಿನ ಬಳಿ ನಿಂತಾಗ ಅವನು ಕಲ್ಲು ಎತ್ತಿಕೊಳ್ಳುವವನ ಹಾಗೆ ಬಗ್ಗಿದ್ದ. ಕಲ್ಲು ಎತ್ತಿಕೊಳ್ಳಲಿಲ್ಲ, ಬಗ್ಗಿದ್ದ ಅಷ್ಟೆ. ಅಷ್ಟಕ್ಕೇ ಅದು ಹೊಡೆತ ಬಿದ್ದ ಹಾಗೆ ಕುಯ್ಯೆಂದು ಕೂಗಿ ಮೂರು ಕಾಲಿನಲ್ಲಿ ಓಡಿತ್ತು. ಬೀಳದ ಏಟಿಗೆ ಅದು ಕೂಗಿದ ಆ ಕೂಗು ಆಮೇಲೆ ಅವನ ಕಿವಿಯಲ್ಲೇ ಉಳಿಯಿತು. ಸ್ಟೋರ್ಸಿನಲ್ಲಿ ವಾಷರು ಎಣಿಸುವಾಗಲೂ ನೆನಪಾಗುತ್ತಿತ್ತು. ಏಟಿಲ್ಲದೆ ನೋವಾಗುವುದು ಹೇಗೆ ಎಂದು ಅವನಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕೆನಿಸಿತ್ತು. ಈಗ ಸೋಮವಾರದೊಳಗೆ ಅದರ ಕೊರಳಿಗೊಂದು ಬೆಲ್ಟು ಬೀಳದಿದ್ದರೆ ತಿಳಿದುಕೊಳ್ಳಲು ನಾಯಿಯೇ ಇರುವುದಿಲ್ಲ. ಬೆಲ್ಟೇನೋ ಸಿದ್ಧವಾಗಿತ್ತು. ತನ್ನ ಹಳೆಯ ಪ್ಯಾಂಟಿನ ಬೆಲ್ಟನ್ನೇ ಅರ್ಧಕ್ಕೆ ಕತ್ತರಿಸಿ ಮೊಳೆಯಿಂದ ತೂತು ಹೊಡೆದಿದ್ದ. ಕಟ್ಟುವುದು ಹೇಗೆ? ಮುನಿರತ್ನಮ್ಮ ಮಿಕ್ಕಿದ ಮುದ್ದೆಯನ್ನು ದಿನವೂ ಕಲ್ಲಿನ ಮೇಲಿಟ್ಟು ಬರುತ್ತಿದ್ದಳು. ಅವಳು ತಿರುಗಿ ಗೇಟು ಹಾಕಿಕೊಂಡ ಮೇಲೇ ನಾಯಿ ಬಾಯಿ ಹಾಕುತ್ತಿತ್ತು.

ಸಂಜೆ ಅವನು ಬಸ್ಸಿಳಿದು ಬಂದವನೇ ಸೈಟಿನ ಅಂಚಿಗೆ ನಿಂತು ಕರೆದ. ಇದು ಕಾರ್ಖಾನೆಯ ಕಡೆಯಿಂದ ಬಂದ ನಾಯಿ, ಅಲ್ಲಿಯ ಕಾಲನಿಯವರೆಲ್ಲ ತಮಿಳರು ಎಂಬ ಲೆಕ್ಕದಲ್ಲಿ ಮೊದಲು ‘ವಾ, ವಾ’ ಎಂದ. ನಾಯಿ ನೋಡಿತು, ಬರಲಿಲ್ಲ. ಪಕ್ಕದ ಮನೆಯ ಶ್ಯಾಮಣ್ಣ, ಬೇರೆಯವರ ಮನೆಯ ಸಾರಿಗೆ ಉಪ್ಪು ಸಾಲದೆಂದು ತನ್ನ ಮನೆಯಿಂದಲೇ ಹೇಳಬಲ್ಲಂಥವನು, ಲುಂಗಿ ಎತ್ತಿ ಕಟ್ಟಿಕೊಂಡು ಹೊರಗೆ ಬಂದ.

“ಅದ್ಕೆ ಅರವ ಎಲ್ಲಿ ಬತ್ತದೆ ತಿಮ್ಮರಾಯಪ್ಪ್ನೋರೆ? ಬಾಗಲೂರು ಕಡೆ ನಾಯಿ ಅದು. ಮುಖ ನೋಡಿದ್ರೇ ಗೊತ್ತಾಗಲ್ವಾ? ತೆಲುಗಲ್ಲಿ ಕರೀರಿ.”

ನಾಯಿಯ ಮುಖದಲ್ಲಿ ತೆಲುಗು ಎಲ್ಲಿದೆಯೆಂದು ತಿಮ್ಮರಾಯಪ್ಪ ಹುಡುಕಿದ. ‘ರಾ, ರಾ’ ಎಂದ. ನಾಯಿ ಬಾಲವನ್ನು ಒಂದು ಸಲ ಆಡಿಸಿ, ಆಡಿಸಿದ್ದು ತಪ್ಪಾಯಿತೇನೋ ಎಂಬಂತೆ ನಿಲ್ಲಿಸಿತು. ಶ್ಯಾಮಣ್ಣನೂ ತನ್ನ ತೆಲುಗನ್ನೆಲ್ಲ ಖರ್ಚು ಮಾಡಿದ. ಹಾಲಿಗೆ ಹೊರಟಿದ್ದ ಹೆಂಗಸರಿಬ್ಬರು ನಿಂತು ಕನ್ನಡದಲ್ಲಿ ‘ಬಾ ಬಾ’ ಎಂದರು. ಆಗ ಅದು ಇದ್ದಲ್ಲಿಂದಲೂ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು.

“ನೋಡಿದ್ರಾ, ಕನ್ನಡ ಅಂತೂ ಸುತರಾಂ ಬರಲ್ಲ,” ಎಂದು ಶ್ಯಾಮಣ್ಣ ತೀರ್ಪು ಕೊಟ್ಟ. “ಹೋಗ್ಲಿ ಬುಡಿ. ಬೀದೀಲಿ ಹೋಗೋ ಮಾರೀನ ಮನೆಗೆ ಯಾಕ್ ಕರ್ಕೊಂತೀರ? ಗಾಡಿನೋರು ಬಂದು ಕರ್ಕೊಂಡು ಹೋಗ್ತಾರೆ, ಅವ್ರಿಗೆ ಭಾಷೇನೇ ಬೇಕಿಲ್ಲ.”

ಬೀದಿಯವರೆಲ್ಲ ನಕ್ಕರು. ತಿಮ್ಮರಾಯಪ್ಪನೂ ನಕ್ಕ. ನಕ್ಕ ಮೇಲೆ ತನ್ನ ನಗುವಿನ ಬಗ್ಗೆ ಅವನಿಗೆ ನಾಚಿಕೆಯಾಯಿತು.

ಮಾರನೆಯ ಬೆಳಗ್ಗೆ ಆದದ್ದು ಇಷ್ಟೇ. ಅವನು ಜಗಲಿಯ ಮೇಲೆ ಕೂತಿದ್ದ. ಗೋಡೆಯ ಮೊಳೆಗೆ ನೇತುಹಾಕಿದ್ದ ಬೆಲ್ಟು ಕಾಣಲಿಲ್ಲ. ಎಲ್ಲಿಟ್ಟಿದ್ದೀಯೆಂದು ಕೇಳಲು ಒಳಗಿನ ಕಡೆ ಮುಖ ಮಾಡಿ, “ಏಯ್, ಬಾ ಇಲ್ಲಿ,” ಎಂದ. ಹೊಸದೇನೂ ಅಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಅವರ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಗಂಡನೂ ಹೆಂಡತಿಯ ಹೆಸರು ಹಿಡಿದು ಕರೆದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗಾಗಿ ಮುನಿರತ್ನಮ್ಮ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಮನೆಯೊಳಗೆ ಎಲ್ಲೂ ಓಡಾಡುತ್ತಿರಲಿಲ್ಲ. ಆದರೆ ಆ ಎರಡು ಮಾತು ಅವನ ಬಾಯಿಂದ ಬಿದ್ದ ಗಳಿಗೆಯಲ್ಲಿ ಬೀದಿಯಾಚೆ ಏನೋ ಕುಸಿಯಿತು. ತಿರುಗಿ ನೋಡಿದರೆ ನಾಯಿ. ಅದು ಓಡಲಿಲ್ಲ. ನಾಲ್ಕೂ ಕಾಲು ಮಡಿಸಿ, ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ, ಕಿವಿಯನ್ನು ತಲೆಗೆ ಒತ್ತಿಕೊಂಡು, ಕೂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾ ಅವನ ಕಡೆಗೇ ತೆವಳುತ್ತಿತ್ತು. ಸ್ವಲ್ಪ ತೆವಳಿ ನಿಂತಿತು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಅಷ್ಟರಲ್ಲಿ ಬಾಗಿಲಲ್ಲಿ ಮುನಿರತ್ನಮ್ಮ ಬಂದು ನಿಂತಳು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಒಂದು ಭುಜ ಸ್ವಲ್ಪ ಕೆಳಗೆ. ಮುಖ ಅವನ ಕಡೆಯಿದ್ದರೂ ಕಣ್ಣು ಅವನ ಕೈಯ ಮೇಲೆ. ಅವನ ಕೈ ಚಾಚಿದರೂ ಎಟುಕದಷ್ಟು ದೂರದಲ್ಲಿ ಅವಳು ನಿಂತಿದ್ದಳು.

ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಅವಳು “ಏನು?” ಎಂದಳು. ಅವನಿಗೆ ಬೆಲ್ಟಿನ ವಿಷಯ ಮರೆತೇ ಹೋಗಿತ್ತು.

ನಾಯಿಗೆ ಕನ್ನಡ ಬರುವುದಿಲ್ಲ ಎಂದು ಬೀದಿಯೇ ತೀರ್ಮಾನಿಸಿತ್ತಲ್ಲ, ಎಂಥ ಮಂಕುದಿಣ್ಣೆಗಳು ನಾವು ಎಂದುಕೊಂಡ, ಕಾರ್ಖಾನೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು. ಬರುವುದಿಲ್ಲವೇ? ಬೇರೆಲ್ಲಕ್ಕಿಂತ ಚೆನ್ನಾಗಿ ಬರುವುದೇ ಅದು. ಯಾರೋ ಕನ್ನಡದವನೇ ಸಾಕಿದ್ದಾನೆ. ಬಾ ಇಲ್ಲಿ ಎಂದು ಕರೆದು, ಬಂದ ಮೇಲೆ ಹೊಡೆದಿದ್ದಾನೆ. ಬಾರದಿದ್ದುದಕ್ಕಲ್ಲ, ಬಂದದ್ದಕ್ಕೆ. ತಿಮ್ಮರಾಯಪ್ಪನ ಅಪ್ಪನೂ ಹಾಗೆಯೇ. ‘ಬಾರ್ಲಾ ಇಲ್ಲಿ’ ಎಂದರೆ ಎತ್ತು ಬಿಟ್ಟುಹೋಗಿದೆ, ಇಲ್ಲ ಪಾಠದಲ್ಲಿ ಸೊನ್ನೆ ಬಿದ್ದಿದೆ, ಇಲ್ಲ ಏನೂ ಆಗಿಲ್ಲ, ಅಪ್ಪನಿಗೆ ಬಿಸಿಲು ತಲೆಗೇರಿದೆ ಅಷ್ಟೆ. ಹೋಗದಿದ್ದರೆ ಎರಡು ಏಟು, ಹೋದರೆ ಒಂದು. ಹುಡುಗ ತಿಮ್ಮರಾಯ ಯಾವಾಗಲೂ ಒಂದು ಏಟಿನ ವ್ಯಾಪಾರಕ್ಕೆ ಒಪ್ಪಿಕೊಂಡು ನಡೆದು ಹೋಗುತ್ತಿದ್ದ. ತಾನು ಮಾತ್ರ ಅಪ್ಪನ ಹಾಗಲ್ಲ ಎಂಬುದು ಅವನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದ ನಂಬಿಕೆ. ಹೆಂಡತಿಯ ಮೇಲೆ ಕೈ ಎತ್ತಿದ್ದು ಒಂದೇ ಸಲ. ಮದುವೆಯಾದ ಹೊಸದರಲ್ಲಿ, ಕಣದಲ್ಲಿ, ಅಪ್ಪ ಉಣ್ಣುವ ಮೊದಲೇ ಅವಳು ಹಸಿದಿದ್ದ ಕೂಲಿಯಾಳುಗಳಿಗೆ ಮುದ್ದೆ ಇಟ್ಟುಬಿಟ್ಟಿದ್ದಳು. ಅಪ್ಪ ಅವನ ಮುಖ ನೋಡಿದರು. ಅವನು ಅವಳನ್ನು ಬಾ ಇಲ್ಲಿ ಎಂದು ಕರೆದ. ಅವಳು ನಗುತ್ತಲೇ ಬಂದಳು, ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡು. ಅಲ್ಲ, ಸೌಟು ಇದ್ದದ್ದು ಕಣದಲ್ಲಲ್ಲ, ಹಟ್ಟಿಯಲ್ಲಿ. ಕಣದಲ್ಲಿ ಅವಳ ಕಂಕುಳಲ್ಲಿ ಮಗಳಿದ್ದಳು. ಹಾಗಾದರೆ ಸೌಟಿನದು ಬೇರೆ ದಿನ. ಅವನು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಒಂದೇ ಸಲ ಎಂದು ಇಷ್ಟು ವರ್ಷ ನೆನೆದುಕೊಂಡು ಬಂದದ್ದನ್ನು ಈಗ ಬಿಡಿಸಿ ನೋಡಿದರೆ ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಇತ್ತು.

ಅವತ್ತು ಕ್ಯಾಂಟೀನಿನಲ್ಲಿ ಕೊಟ್ಟ ಬನ್ನನ್ನು ಅವನು ತಿನ್ನದೆ ಜೇಬಿಗೆ ಹಾಕಿಕೊಂಡ. ಸಂಜೆ ಗೇಟಿನಲ್ಲಿ ತಪಾಸಣೆ. ಎಲ್ಲರ ಜೇಬು ಸವರಿ ಬಿಡುವ ವಾಚ್‌ಮನ್ ದಾಸಪ್ಪ ಇವನ ಜೇಬಿನ ಉಬ್ಬನ್ನು ಒತ್ತಿ ನೋಡಿ ಹೊರಗೆ ತೆಗೆಸಿದ. ಸ್ಟೋರ್ ಕೀಪರನ ಜೇಬಿನಿಂದ ಏನು ಹೊರಬೀಳುತ್ತದೋ ಎಂದು ಹಿಂದಿನ ಸಾಲೆಲ್ಲ ಕತ್ತು ಚಾಚಿತು. ಬಿದ್ದದ್ದು ಬನ್ನು. ಯಾರೋ ‘ಮನೇಲಿ ಅಡಿಗೆ ಮಾಡಿಲ್ವೇನೋ ಪಾಪ’ ಎಂದರು. ತಿಮ್ಮರಾಯಪ್ಪನ ಕಿವಿ ಕಾದವು. “ನಾಯಿಗೆ,” ಎಂದು ಅವನು ಮೆಲ್ಲಗೆ ಹೇಳಿದ. ದಾಸಪ್ಪ ಅವನನ್ನು ಪಕ್ಕಕ್ಕೆ ಕರೆದ. ಅವನು ಮಿಲಿಟರಿಯಲ್ಲಿ ಹದಿನೈದು ವರ್ಷ ನಾಯಿಗಳನ್ನೇ ನೋಡಿಕೊಂಡಿದ್ದವನು ಎಂಬುದು ಇವನಿಗೆ ಗೊತ್ತೇ ಇರಲಿಲ್ಲ. ಬೆದರಿದ ನಾಯಿ, ಸೋಮವಾರದ ಗಾಡಿ, ಬೆಲ್ಟು, ಎಲ್ಲವನ್ನೂ ಕೇಳಿಕೊಂಡು ದಾಸಪ್ಪ ಮೀಸೆ ಒರೆಸಿದ.

“ಮೂರು ದಿನದಾಗೆ ಕಷ್ಟ ಸಾರ್. ಆದ್ರೂ ನೋಡಿ. ಹತ್ರ ಹೋಗ್ಬ್ಯಾಡಿ. ಮೇಲೆ ಬಗ್ಗಬ್ಯಾಡಿ. ಕಣ್ಣಾಗೆ ಕಣ್ಣಿಕ್ಕಿ ನೋಡ್ಬ್ಯಾಡಿ. ಪಕ್ಕಕ್ಕೆ ತಿರುಕ್ಕೊಂಡು ನೆಲದ ಮ್ಯಾಗೆ ಕೂತ್ಕೊಳ್ಳಿ. ಅದು ನಿಮ್ ಕಡೆ ಒಂದೆಜ್ಜೆ ಇಟ್ಟ ಗಳಿಗೇಲೇ ಒಂದು ಚೂರು ಹಾಕಿ. ತಡ ಮಾಡಿ ಹಾಕಿದ್ರೆ ಅದು ಭಿಕ್ಷ. ಆಗಿಂದಾಗ್ಲೇ ಹಾಕಿದ್ರೆ ಪಾಠ.”

“ಕರೆಯೋದು ಹೆಂಗೆ?”

“ಹಳೇ ಮಾತು ಕೆಟ್ಟೋಗದೆ. ಕೆಟ್ಟೋಗಿರೋ ಹಾಲಿಗೆ ಸಕ್ಕರೆ ಹಾಕಿದ್ರೆ ಆಗ್ತದಾ? ಹೊಸಾದು ಹುಡುಕ್ಕೊಳ್ಳಿ. ಅದಕ್ಕೂ ಹೊಸಾದಾಗಿರ್ಬೇಕು, ನಿಮ್ ಬಾಯಿಗೂ.”

ಹೊಸ ಮಾತನ್ನು ಅವನು ಹುಡುಕಲಿಲ್ಲ, ಅದೇ ಬಂತು. ಆ ಸಂಜೆ ಸೈಟಿನಲ್ಲಿ ಪ್ಯಾಂಟು ಮಡಿಸಿಕೊಂಡು, ನಾಯಿಗೆ ಪಕ್ಕೆ ಕೊಟ್ಟು ನೆಲದ ಮೇಲೆ ಕೂತ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೋದರು. ಶ್ಯಾಮಣ್ಣ ತನ್ನ ಜಗಲಿಯಿಂದಲೇ, “ಏನ್ ತಿಮ್ಮರಾಯಪ್ಪ್ನೋರೆ, ತಪಸ್ಸಾ?” ಎಂದ. ನಾಯಿ ಒಂದು ಕಾಲೆತ್ತಿ ಮುಂದಿಟ್ಟಿತು. ಅವನ ಕೈ ಬನ್ನಿನ ಚೂರನ್ನು ಎಸೆದಾಗ ಬಾಯಿ ತನಗೆ ತಾನೇ “ಇಂದಾ” ಎಂದಿತು. ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ, ಮಗುವಿನ ಕೈಗೆ ಬೆಲ್ಲ ಇಡುವಾಗ, ಯಾರಿಗಾದರೂ ಏನಾದರೂ ಕೊಡುವಾಗ ತಗೋ ಎಂಬಂತೆ ಎಲ್ಲರೂ ಅನ್ನುವ ಮಾತು. ತಮಿಳರೂ ಅದನ್ನೇ ಅನ್ನುತ್ತಾರೆ, ತೆಲುಗಿನವರೂ ಅದನ್ನೇ ಅನ್ನುತ್ತಾರೆ, ಬೇರಿಕೆಯ ಕನ್ನಡದಲ್ಲೂ ಅದೇ. ಮೂರು ಭಾಷೆ ಜಗಳವಿಲ್ಲದೆ ಹಂಚಿಕೊಂಡ ಮಾತದು. ಖಾಲಿ ಕೈಯಲ್ಲಿ ಅದನ್ನು ಯಾರೂ ಅನ್ನುವುದಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ನಲವತ್ತೈದು ವರ್ಷ ಆಡಿದ ಮಾತನ್ನು ಇವತ್ತು ಮೊದಲ ಸಲ ಕೇಳಿಸಿಕೊಂಡಂತೆ ಖುಷಿಯಾಯಿತು.

ಒಂದು ಹೆಜ್ಜೆ, ಇಂದಾ, ಒಂದು ಚೂರು. ತಲೆಯೆತ್ತಿ ನೋಡಿತು, ಇಂದಾ, ಇನ್ನೊಂದು ಚೂರು. ಶನಿವಾರ ಅವನು ಅರ್ಧ ದಿನ ರಜೆ ಹಾಕಿ ಸಂತೆಯಿಂದ ಒಣಮೀನು ತಂದು ಉಗುರಿನಷ್ಟಗಲ ಮುರಿದಿಟ್ಟುಕೊಂಡ. ಮುನಿರತ್ನಮ್ಮ ಹುಡುಕಿಕೊಟ್ಟಿದ್ದ ಬೆಲ್ಟನ್ನು ನೆಲದ ಮೇಲೆ ಹಾಸಿ ಅದರ ಮೇಲೇ ಮೀನಿನ ಚೂರನ್ನಿಟ್ಟ. ನಾಯಿ ಮೊದಲು ಬೆಲ್ಟನ್ನು ಕಂಡು ಹಿಂದಕ್ಕೆ ಹಾರಿತು. ಅವನು ಸುಮ್ಮನಿದ್ದ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಕೈ ತಾನಾಗಿ ಏಳುತ್ತಿತ್ತು, ಬಾಯಿ ತಾನಾಗಿ ಗದರಲು ಹೋಗುತ್ತಿತ್ತು. ಅದನ್ನೂ ಅವನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದ. ಅರ್ಧ ಗಂಟೆಯ ಮೇಲೆ ನಾಯಿ ಕತ್ತು ಉದ್ದ ಮಾಡಿ, ಕಾಲನ್ನೆಲ್ಲ ಹಿಂದೆ ಬಿಟ್ಟು ಮೂತಿಯೊಂದನ್ನೇ ಕಳಿಸಿಕೊಟ್ಟು ಮೀನನ್ನು ಎತ್ತಿಕೊಂಡಿತು. ಅದರ ಉಸಿರು ಅವನ ಹೆಬ್ಬೆರಳಿಗೆ ತಾಗಿತು. ನಗು ಬಂತು, ನಗಲಿಲ್ಲ, ನಕ್ಕರೆ ಓಡಿಹೋಗುತ್ತದೆಂದು. ಭಾನುವಾರ ಸಂಜೆಯ ಹೊತ್ತಿಗೆ ಬೆಲ್ಟು ಹಿಡಿದ ಅವನ ಬೆರಳು ಅದರ ಗಲ್ಲ ಮುಟ್ಟಿತ್ತು. ಕೊರಳ ಗೆರೆಗೆ ಬೆರಳು ಹೋದೊಡನೆ ಮೈಯೆಲ್ಲ ನಡುಗಿ ಅದು ಜಾರಿಕೊಂಡಿತು. ಬಿಟ್ಟುಬಿಟ್ಟ. ನಾಳೆ ಬೆಳಗ್ಗೆ ಬೇಗ ಎದ್ದರಾಯಿತು ಎಂದುಕೊಂಡ.

ಈ ಮೂರು ದಿನವೂ ಮುನಿರತ್ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಭಾನುವಾರ ಅವನು ಒಳಗೆ ಬಂದು ಮೀನಿನ ಕೈ ತೊಳೆಯುತ್ತಿದ್ದಾಗ ಮಾತ್ರ, “ಇಷ್ಟು ತಾಳ್ಮೆ ಎಲ್ಲಿ ಇಟ್ಕೊಂಡಿದ್ರಿ ನೀವು?” ಎಂದಳು. ಕೊಂಕಿನ ಮಾತಲ್ಲ. ನಿಜವಾಗಿಯೂ ಅವಳಿಗೆ ಗೊತ್ತಿರದೆ ಕೇಳಿದ್ದಳು.

ಸೋಮವಾರ ಗಾಡಿ ಹೇಳಿದ್ದಕ್ಕಿಂತ ಮೊದಲೇ ಬಂತು. ತಿಮ್ಮರಾಯಪ್ಪ ಇನ್ನೂ ಹಲ್ಲುಜ್ಜುತ್ತಿದ್ದ. ಹಿಂದಿನ ಬೀದಿಯಲ್ಲಿ ನಾಯಿಗಳ ಅರಚಾಟ, ಗಾಡಿಯ ತಗಡಿನ ಬಾಗಿಲು ಬಡಿದ ಸದ್ದು. ಅವನು ಬಾಯಿ ಮುಕ್ಕಳಿಸದೆ ಬೆಲ್ಟನ್ನೂ ಮೀನನ್ನೂ ಹಿಡಿದು ಓಡಿದ. ನಾಯಿ ಕಲ್ಲಿನ ಬುಡದಲ್ಲಿರಲಿಲ್ಲ. ಸದ್ದಿಗೆ ಹೆದರಿ ಸೈಟಿನ ಆ ತುದಿಗೆ, ರಸ್ತೆ ತಿರುಗುವ ಕಡೆಗೇ ಹೋಗಿ ನಿಂತಿತ್ತು. ಗಾಡಿ ಬರುವುದು ಅಲ್ಲಿಂದಲೇ. “ಇಂದಾ!” ಎಂದು ಕೂಗಿದ. ನಾಯಿ ಬೆಚ್ಚಿತು. “ಇಂದಾ, ಇಂದಾ!” ಕೂಗುತ್ತಾ ಅದರ ಕಡೆ ಓಡಿದ. ಅದು ಹೊಟ್ಟೆ ನೆಲಕ್ಕೆ ಹಾಕಿತು. ತನ್ನ ಕೂಗು ತನ್ನ ಕಿವಿಗೆ ಬಿದ್ದಾಗ ಅವನು ನಿಂತುಬಿಟ್ಟ. ಮಾತು ಹೊಸದು, ಆದರೆ ಆ ದನಿ ಅವನ ಅಪ್ಪನದು, ಕಣದಲ್ಲಿ ನಿಂತಿದ್ದ ಅವನದು. ಕೆಟ್ಟದ್ದು ಬರೀ ಮಾತಲ್ಲ. ಯಾವ ಮಾತನ್ನು ಕೊಟ್ಟರೂ ಮೂರೇ ದಿನದಲ್ಲಿ ಕೆಡಿಸಿಬಿಡಬಲ್ಲೆನಲ್ಲ ಎಂದು ಅವನಿಗೆ ಅಳು ಬಂದಂತಾಯಿತು. ಗಾಡಿ ಬೀದಿಯ ತುದಿಗೆ ಕಾಣಿಸಿತು. ಇಬ್ಬರು ಗಂಡಸರು, ಕೈಯಲ್ಲಿ ಕಬ್ಬಿಣದ ಇಕ್ಕಳ. ಅವನು ರಸ್ತೆಯ ನಡುವೆ, ಬನಿಯನ್ನಿನಲ್ಲೇ, ಗಲ್ಲದ ಮೇಲೆ ಹಲ್ಲುಪುಡಿ ಹಚ್ಚಿಕೊಂಡೇ ಕೂತುಬಿಟ್ಟ. ನಾಯಿಗೆ ಪಕ್ಕೆ ಕೊಟ್ಟು, ಮೀನಿದ್ದ ಅಂಗೈಯನ್ನು ನೆಲಕ್ಕೆ ಚಾಚಿ, ಬಾಯಿ ಮುಚ್ಚಿಕೊಂಡ. ಗಾಡಿಯವರಲ್ಲೊಬ್ಬ ತಮಿಳಿನಲ್ಲಿ, ಎದ್ದೇಳಯ್ಯಾ, ದಾರಿ ಬಿಡು ಎಂದ. ಶ್ಯಾಮಣ್ಣನ ಮನೆಯ ಬಾಗಿಲು ತೆರೆಯಿತು. ಯಾರು ನೋಡುತ್ತಿದ್ದಾರೆ, ಯಾರು ನಗುತ್ತಿದ್ದಾರೆ ಎಂದು ಅವನು ತಿರುಗಲಿಲ್ಲ. ಅಂಗೈಗೆ ಒದ್ದೆ ಮೂತಿ ತಾಗಿದಾಗಲೂ ತಿರುಗಲಿಲ್ಲ. ನಾಯಿಯ ಮೈ ಅವನ ತೊಡೆಗೆ ಒತ್ತಿಕೊಂಡು ನಡುಗುತ್ತಿತ್ತು. ಬೆಲ್ಟನ್ನು ಮೆಲ್ಲಗೆ ಸುತ್ತಿದ. ಗೆರೆಗೆ ತಾಗದ ಹಾಗೆ, ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು, ಮೊಳೆ ಹೊಡೆದ ತೂತಿಗೆ ಕೊಕ್ಕೆ ಸಿಕ್ಕಿಸಿದ. ಗಾಡಿಯವನು ಬಗ್ಗಿ ನೋಡಿ, “ಸರಿ, ಪೋಂಗೋ,” ಎಂದು ಪಕ್ಕದಿಂದ ಗಾಡಿ ಹೊಡೆದ.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅವನು ಅಲ್ಲೇ ಕೂತಿದ್ದ. ಪಕ್ಕದಲ್ಲಿ ನೆರಳು ಬಿತ್ತು. ಮುನಿರತ್ನಮ್ಮ ಚೊಂಬಿನಲ್ಲಿ ನೀರು ತಂದಿದ್ದಳು. ಅವನು ಕರೆದಿರಲಿಲ್ಲ. ಚೊಂಬು ತೆಗೆದುಕೊಂಡು ಬಾಯಿ ಮುಕ್ಕಳಿಸಿ ಉಗುಳಿದ. ನಾಯಿ ಅಲುಗಲಿಲ್ಲ. ಅವಳ ಮುಖ ನೋಡದೆ, ನಾಯಿಯ ಬೆನ್ನನ್ನು ನೋಡುತ್ತಾ ಕೇಳಿದ, “ನಾನು ಕರೆದ್ರೆ ನಿಂಗೆ ಭಯ ಆಗ್ತದಾ?”

ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಡಬೇಕೆಂಬಂತೆ ಹುಡುಕಿ ನೋಡಿದಳು.

“ಮೊದ್ಲು ಆಗ್ತಿತ್ತು,” ಎಂದಳು. “ಈಗ ಭಯ ಅಲ್ಲ. ಅಭ್ಯಾಸ.”

ಹಾಗೆಂದು, ಒಲೆಯ ಮೇಲೆ ಎಸರಿಟ್ಟಿದ್ದೇನೆಂದು ಚೊಂಬು ತೆಗೆದುಕೊಂಡು ಹೋದಳು. ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಅವನು ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದ. ಅವನಿಗೆ ಅವಳನ್ನು ಕರೆಯಬೇಕೆನಿಸಿತು, ಬಾಯಿ ತೆರೆದ, ಏನೆಂದು ಕರೆಯುವುದು ತಿಳಿಯದೆ ಮುಚ್ಚಿದ. ಕೊನೆಗೆ ತಾನೇ ಎದ್ದು, ಮೊಣಕಾಲಿನ ಮಣ್ಣನ್ನೂ ಕೊಡವದೆ ಮನೆಯೊಳಗೆ ಹೋದ. ಅಡಿಗೆಮನೆಯ ಹೊಸಿಲು ದಾಟಿ ಅವನು ಯಾವತ್ತೂ ಒಳಗೆ ಬಂದವನಲ್ಲ. ಅವಳು ಹಿಟ್ಟಿನ ಕೋಲು ಹಿಡಿದವಳು ತಿರುಗಿ ನೋಡಿ, “ಏನ್ ಬೇಕಾಗಿತ್ತು?” ಎಂದಳು.

“ಏನೂ ಬೇಡ,” ಎಂದ. ಅಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. ಒಂದು ಕಡೆ ಸೌದೆ, ಒಂದು ಕಡೆ ರಾಗಿಹಿಟ್ಟಿನ ಡಬ್ಬ. ಅವನು ಇನ್ನೊಂದು ಹೆಜ್ಜೆ ಒಳಗಿಟ್ಟಾಗ ಮುನಿರತ್ನಮ್ಮ ಗೋಡೆಯ ಕಡೆಗೆ ಸರಿದಳು. ಅದು ಅವನಿಗೆ ಜಾಗ ಮಾಡಿಕೊಟ್ಟದ್ದೋ, ಅವನಿಂದ ದೂರ ಸರಿದದ್ದೋ ಗೊತ್ತಾಗದೆ, ಗೊತ್ತಾಗುವವರೆಗೂ ಅಲ್ಲಾಡಬಾರದೆಂದು, ತಿಮ್ಮರಾಯಪ್ಪ ಇದ್ದಲ್ಲೇ ನೆಲದ ಮೇಲೆ ಕೂತುಕೊಂಡ.